ವಾಷಿಂಗ್ಟನ್ನಿನ ನ್ಯಾಯಮಂದಿರ

ವಾಷಿಂಗ್ಟನ್ ನಗರವನ್ನು ನೋಡಲು ಹೋದ ಭಾರತೀಯ ಪ್ರವಾಸಿಗೆ ಹೊತ್ತು ಸಾಲುವುದಿಲ್ಲ. ಶ್ವೇತಭವನದ ಕಬ್ಬಿಣದ ಬೇಲಿಯ ಮುಂದೆ ಒಂದು ಭಾವಚಿತ್ರ, ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ಇನ್ನೊಂದು, ಕ್ಯಾಪಿಟಲ್ ಎಂಬ ಸಂಸತ್ ಭವನದ ಗುಮ್ಮಟ ಹಿಂದೆ ಕಾಣುವಂತೆ ಮತ್ತೊಂದು, ಇಷ್ಟಾಗುವಷ್ಟರಲ್ಲಿ ಸಂಜೆಯಾಗಿರುತ್ತದೆ. ಆ ಗುಮ್ಮಟದ ಪೂರ್ವಕ್ಕೆ, ಒಂದು ರಸ್ತೆಯನ್ನು ದಾಟಿದರೆ ಸಿಗುವ ಬಿಳಿಯ ಕಟ್ಟಡದ ಕಡೆಗೆ ತಿರುಗುವವರು ಕಡಮೆ. ಆದರೆ ಅಮೆರಿಕದ ಜನ ಇಂದು ತಮ್ಮ ತಮ್ಮಲ್ಲಿ ಯಾವ ವಿಷಯಗಳಿಗಾಗಿ ಜಗಳವಾಡುತ್ತಿದ್ದಾರೆಂಬುದನ್ನು ಒಂದೇ ಕಡೆ ನಿಂತು ಅರಿಯಬೇಕೆನ್ನುವವರು ಹೋಗಬೇಕಾದದ್ದು ಅಲ್ಲಿಗೇ. ಅದು ಆ ದೇಶದ ಸರ್ವೋಚ್ಚ ನ್ಯಾಯಾಲಯ.

ಈ ನ್ಯಾಯಾಲಯಕ್ಕೆ ಸ್ವಂತ ಮನೆಯಾದದ್ದು ತೀರ ಈಚೆಗೆ ಎಂದರೆ ಆಶ್ಚರ್ಯವಾದೀತು. 1790ರಲ್ಲಿ ನ್ಯೂಯಾರ್ಕಿನ ವರ್ತಕರ ಕಟ್ಟಡವೊಂದರಲ್ಲಿ ಅದು ಮೊದಲು ಸೇರಿತು. ಬಳಿಕ ಫಿಲಡೆಲ್ಫಿಯಕ್ಕೆ ಹೋಯಿತು. ರಾಜಧಾನಿ ವಾಷಿಂಗ್ಟನ್ನಿಗೆ ಬಂದಾಗ ತಾನೂ ಬಂದು ಕ್ಯಾಪಿಟಲ್ ಭವನದೊಳಗೆ ಒಂದು ಕೊಠಡಿಯಿಂದ ಇನ್ನೊಂದಕ್ಕೆ ಬದಲಾಯಿಸುತ್ತ, ಒಟ್ಟು 145 ವರ್ಷಗಳನ್ನು ಬಾಡಿಗೆದಾರನಂತೆ ಕಳೆಯಿತು. ಈ ಅನಾಥಸ್ಥಿತಿಯನ್ನು ತಪ್ಪಿಸಿದವರು ವಿಲಿಯಂ ಹೋವರ್ಡ್ ಟ್ಯಾಫ್ಟ್. ರಾಷ್ಟ್ರಾಧ್ಯಕ್ಷ ಪದವಿಯನ್ನೂ ಮುಖ್ಯ ನ್ಯಾಯಮೂರ್ತಿ ಪದವಿಯನ್ನೂ ಅಲಂಕರಿಸಿದ ಏಕೈಕ ಪುರುಷ ಅವರು. 1929ರಲ್ಲಿ ಅವರು ಕಾಂಗ್ರೆಸ್ಸನ್ನು ಒಪ್ಪಿಸಿದರು, ಮರುವರ್ಷವೇ ತೀರಿಕೊಂಡರು. ಕ್ಯಾಸ್ ಗಿಲ್ಬರ್ಟ್ ಎಂಬ ವಾಸ್ತುಶಿಲ್ಪಿಯ ರಚನೆಯಾದ ಈ ಭವನ 1935ರಲ್ಲಿ ಸಿದ್ಧವಾದಾಗ ಅದನ್ನು ನೋಡಲು ಇಬ್ಬರೂ ಇರಲಿಲ್ಲ. ಹೊಸ ಮನೆ ಎಲ್ಲರಿಗೂ ಹಿಡಿಸಿತೆಂದೇನೂ ಅಲ್ಲ. ನ್ಯಾಯಮೂರ್ತಿ ಬ್ರಾಂಡೈಸ್ ಅವರು ತಮಗೆ ಕೊಟ್ಟ ಭವ್ಯ ಕೊಠಡಿಯ ಕಡೆಗೆ ತಲೆ ಹಾಕದೆ, ಕೊನೆಯವರೆಗೂ ತಮ್ಮ ಮನೆಯಲ್ಲೇ ಕುಳಿತು ತೀರ್ಪು ಬರೆದರು.

ಕಟ್ಟಡವೇನೋ ನಿಜವಾಗಿ ದೇಗುಲದಂತಿದೆ. ಹೊರಗೋಡೆಗೆ ವರ್ಮಾಂಟಿನ ಅಮೃತಶಿಲೆ, ಒಳಾಂಗಣಗಳಿಗೆ ಜಾರ್ಜಿಯದ್ದು, ಓಣಿಗಳಿಗೆ ಅಲಬಾಮದ್ದು, ಸಭಾಂಗಣದ 24 ಕಂಬಗಳಿಗೆ ಇಟಲಿಯಿಂದ ತರಿಸಿದ್ದು. ಮುಂಭಾಗದಲ್ಲಿ 16 ಕಂಬಗಳು. ಅವುಗಳ ನೆತ್ತಿಯ ಮೇಲೆ, ಕಾನೂನಿನಡಿ ಎಲ್ಲರಿಗೂ ಸಮಾನ ನ್ಯಾಯ ಎಂಬರ್ಥದ ನಾಲ್ಕು ಪದಗಳ ಕೆತ್ತನೆ. ಹೊರಗಿನ ದೀಪಸ್ತಂಭಗಳ ಬುಡವನ್ನು ಹೊತ್ತು ನಿಂತಿರುವುದು ಕಂಚಿನ ಆಮೆಗಳು. ನ್ಯಾಯ ನಿಧಾನವಾದರೂ ನಿಲ್ಲದೆ ನಡೆಯುತ್ತದೆಂದು ಅದರ ಭಾವ. ನಮ್ಮಲ್ಲಿ ಸಿವಿಲ್ ದಾವೆ ಹೂಡಿ ಮೊಮ್ಮಕ್ಕಳನ್ನು ಕಂಡವರಿಗೆ ಈ ಆಮೆಯ ಅರ್ಥವನ್ನು ಬೇರೆ ವಿವರಿಸಬೇಕಾಗಿಲ್ಲ.

ಮುಂದಿನ 44 ಮೆಟ್ಟಿಲುಗಳನ್ನು ಏರಿದರೆ ಕಂಚಿನ ಮಹಾದ್ವಾರ. ಅದರ ಒಂದೊಂದು ಕದದ ತೂಕ ಆರೂವರೆ ಟನ್ನು. ಆದರೆ ಏರಿ ಪ್ರಯೋಜನವಿಲ್ಲ! ಭದ್ರತೆಯ ಕಾರಣದಿಂದ 2010ರಲ್ಲಿ ಸಾರ್ವಜನಿಕರು ಈ ಬಾಗಿಲಿನಿಂದ ಒಳಗೆ ಹೋಗುವುದನ್ನು ನಿಲ್ಲಿಸಿಬಿಟ್ಟರು. ಕೆಳಗಿನ ಪಕ್ಕದ ಬಾಗಿಲಿನಿಂದ ಒಳಹೊಕ್ಕು, ಬೇಕಾದರೆ ಇದರ ಮೂಲಕ ಹೊರಬರಬಹುದು. ಇದನ್ನು ನ್ಯಾಯಮೂರ್ತಿ ಬ್ರೇಯರ್ ಬರೆಹದಲ್ಲಿಯೇ ಆಕ್ಷೇಪಿಸಿದರು. ನ್ಯಾಯಮೂರ್ತಿ ಗಿನ್ಸ್‌ಬರ್ಗ್ ದನಿಗೂಡಿಸಿದರು. ಪ್ರಜೆಗಳು ತಲೆಯೆತ್ತಿ ಮೆಟ್ಟಿಲೇರಿ ನ್ಯಾಯದ ಬಳಿಗೆ ಬರಬೇಕೆಂಬುದು ಅವರ ವಾದ. ಬಾಗಿಲಿನ ವಿಷಯದಲ್ಲಿಯೂ ಭಿನ್ನಮತದ ಟಿಪ್ಪಣಿ ಬರೆಯುವ ಮನೆ ಇದು!

ಒಳಗಿನ ಸಭಾಂಗಣ ನಾವು ಎಣಿಸಿದ್ದಕ್ಕಿಂತ ಚಿಕ್ಕದು. ಎತ್ತರದ ಪೀಠದ ಹಿಂದೆ ಒಂಬತ್ತು ಕುರ್ಚಿಗಳು. ನಡುವೆ ಮುಖ್ಯ ನ್ಯಾಯಮೂರ್ತಿ. ಉಳಿದವರು ಹಿರಿತನದ ಕ್ರಮದಲ್ಲಿ ಬಲಕ್ಕೊಬ್ಬರು ಎಡಕ್ಕೊಬ್ಬರು. 1869ರಿಂದ ಈ ಒಂಬತ್ತರ ಸಂಖ್ಯೆ ಬದಲಾಗಿಲ್ಲ. ವಕೀಲರ ಮೇಜಿನ ಮೇಲೆ ಇಂದಿಗೂ ಬಿಳಿಯ ಗರಿಲೇಖನಿಗಳನ್ನಿಡುತ್ತಾರೆ. ಅವುಗಳಿಂದ ಯಾರೂ ಬರೆಯುವುದಿಲ್ಲ, ನೆನಪಿಗೆಂದು ಮನೆಗೆ ಒಯ್ಯುತ್ತಾರೆ. ಒಂದೊಂದು ಪಕ್ಷಕ್ಕೂ ಸಾಮಾನ್ಯವಾಗಿ ಅರ್ಧ ಗಂಟೆಯ ಅವಕಾಶ. ವರ್ಷಕ್ಕೆ ಸಾವಿರಗಟ್ಟಲೆ ಅರ್ಜಿಗಳು ಬಂದರೂ ಹೀಗೆ ವಾದ ಕೇಳಲು ಆರಿಸಿಕೊಳ್ಳುವುದು ಅರುವತ್ತು ಎಪ್ಪತ್ತನ್ನು ಮಾತ್ರ. ಛಾಯಾಗ್ರಾಹಕರಿಗೆ ಪ್ರವೇಶವಿಲ್ಲ. 2020ರ ಸಾಂಕ್ರಾಮಿಕದ ಕಾಲದಿಂದ ವಾದಗಳ ದನಿಯನ್ನು ಮಾತ್ರ ಹೊರಗಿನವರು ನೇರವಾಗಿ ಕೇಳಬಹುದು. ಈ ವಿಷಯದಲ್ಲಿ 2022ರಿಂದ ಸಂವಿಧಾನ ಪೀಠದ ಕಲಾಪಗಳನ್ನು ಮನೆಮನೆಗೆ ತೋರಿಸುತ್ತಿರುವ ನಮ್ಮ ದೆಹಲಿಯ ನ್ಯಾಯಾಲಯವೇ ಮುಂದಿದೆ.

ಗೋಡೆಯ ಮೇಲ್ಭಾಗದಲ್ಲಿ ಲೋಕದ ಧರ್ಮಶಾಸ್ತ್ರಕಾರರ ಶಿಲ್ಪಪಂಕ್ತಿ ಇದೆ: ಹಮ್ಮುರಾಬಿ, ಮೋಸೆಸ್, ಸೋಲನ್, ಕನ್‌ಫ್ಯೂಷಿಯಸ್, ಜಸ್ಟಿನಿಯನ್. ಮನುವನ್ನು ಹುಡುಕಿದರೆ ಇಲ್ಲಿ ಸಿಗುವುದಿಲ್ಲ. ಅವನು ನ್ಯೂಯಾರ್ಕ್ ನಗರದ ಮ್ಯಾಡಿಸನ್ ಚೌಕದ ಮೇಲ್ಮನವಿ ನ್ಯಾಯಾಲಯದ ಛಾವಣಿಯ ಮೇಲೆ ಬಿಸಿಲಲ್ಲಿ ನಿಂತಿದ್ದಾನೆ. ಇನ್ನೊಂದು ಸಂಗತಿ: ಈ ಗಂಭೀರ ಸಭಾಂಗಣದ ಮೇಲಿನ ಅಂತಸ್ತಿನಲ್ಲಿ ಸಿಬ್ಬಂದಿಗಾಗಿ ಒಂದು ಬಾಸ್ಕೆಟ್‌ಬಾಲ್ ಅಂಕಣವಿದೆ. ದೇಶದ ಅತ್ಯುನ್ನತ ಕೋರ್ಟು ನಿಜವಾಗಿ ಅದೇ ಎಂದು ಅಲ್ಲಿಯವರು ನಗುತ್ತಾರೆ. ಕೆಳಗೆ ವಿಚಾರಣೆ ನಡೆಯುವಾಗ ಮೇಲೆ ಚೆಂಡು ಪುಟಿಸಕೂಡದೆಂಬ ಕಟ್ಟಳೆಯೂ ಉಂಟು.

ಕಟ್ಟಡದ ವರ್ಣನೆ ಇಷ್ಟು ಸಾಕು. ಈ ಒಂಬತ್ತು ಕುರ್ಚಿಗಳ ಸುತ್ತ ನಡೆಯುತ್ತಿರುವ ಮಹಾವಿವಾದ ಯಾವುದು? ಅಮೆರಿಕದ ಸಂವಿಧಾನವನ್ನು ಬರೆದದ್ದು 1787ರಲ್ಲಿ. ಇದುವರೆಗೆ ಅದಕ್ಕೆ ಆಗಿರುವ ತಿದ್ದುಪಡಿಗಳು 27 ಮಾತ್ರ, ಕಡೆಯದು 1992ರಲ್ಲಿ. ನಮ್ಮ ಸಂವಿಧಾನ ಅದಕ್ಕಿಂತ ಎಷ್ಟೋ ಕಿರಿಯದಾದರೂ ತಿದ್ದುಪಡಿಗಳ ಸಂಖ್ಯೆ ನೂರನ್ನು ದಾಟಿದೆ. ಅಲ್ಲಿ ಎರಡು ಸದನಗಳ ಮೂರನೆಯ ಎರಡು ಪಾಲು ಒಪ್ಪಿ, ಬಳಿಕ 50 ರಾಜ್ಯಗಳಲ್ಲಿ 38 ಒಪ್ಪಬೇಕು. ತಿದ್ದುವುದು ಕಷ್ಟವಾದ್ದರಿಂದ ಓದುವುದರಲ್ಲಿಯೇ ಎಲ್ಲವೂ ಅಡಗಿದೆ. ಹೇಗೆ ಓದಬೇಕು? ಅಲ್ಲಿಯೇ ಜಗಳ.

ನಮ್ಮ ಮನೆಗಳ ಒಂದು ಉದಾಹರಣೆಯಿಂದ ಇದನ್ನು ತಿಳಿಯಬಹುದು. ಅಜ್ಜನೊಬ್ಬ ನೂರು ವರ್ಷದ ಹಿಂದೆ ಒಂದು ಪತ್ರ ಬರೆದಿಟ್ಟು, ತೋಟದ ಫಲವನ್ನು ವಂಶದ ಮಕ್ಕಳು ಸಮನಾಗಿ ಅನುಭವಿಸತಕ್ಕದ್ದು ಎಂದಿದ್ದಾನೆ ಎನ್ನೋಣ. ಅಜ್ಜನ ಕಾಲದಲ್ಲಿ ಮಕ್ಕಳು ಎಂದರೆ ಗಂಡುಮಕ್ಕಳೆಂದೇ ಊರಿನವರ ತಿಳಿವಳಿಕೆ. ಇಂದು ಮೊಮ್ಮಗಳು ಪಾಲು ಕೇಳಿದರೆ ಏನು ಹೇಳಬೇಕು? ಪದಕ್ಕೆ ಬರೆದ ದಿನ ಜನ ಯಾವ ಅರ್ಥ ಕೊಟ್ಟಿದ್ದರೋ ಅದೇ ಖಾಯಂ. ಬದಲಿಸಬೇಕಾದರೆ ಮನೆಯವರೆಲ್ಲ ಸೇರಿ ಹೊಸ ಪತ್ರ ಬರೆಯಲಿ ಎನ್ನುವುದು ಒಂದು ಪಕ್ಷ. ಇದನ್ನು ಮೂಲಾರ್ಥವಾದ ಎನ್ನಬಹುದು. ಅಜ್ಜ ಸಮನಾಗಿ ಎಂಬ ತತ್ತ್ವವನ್ನು ಬಿಟ್ಟುಹೋದ, ಅದು ಕಾಲದೊಡನೆ ಬೆಳೆಯಬೇಕು ಎನ್ನುವುದು ಇನ್ನೊಂದು. ಇದು ಜೀವಂತ ಸಂವಿಧಾನದ ಪಕ್ಷ. ಮೊದಲನೆಯದಕ್ಕೆ 1986ರಿಂದ 2016ರವರೆಗೆ ಪೀಠದಲ್ಲಿದ್ದ ಆಂಟೊನಿನ್ ಸ್ಕಲಿಯ ಅವರು ಅತಿ ಪ್ರಬಲ ದನಿ. ಎರಡನೆಯದಕ್ಕೆ ಶಿಕಾಗೋದ ಪ್ರಾಧ್ಯಾಪಕ ಡೇವಿಡ್ ಸ್ಟ್ರಾಸ್ ಮೊದಲಾದವರು ಶಾಸ್ತ್ರರೂಪ ಕೊಟ್ಟರು. ಯೇಲ್ ವಿಶ್ವವಿದ್ಯಾನಿಲಯದ ಜ್ಯಾಕ್ ಬಾಲ್ಕಿನ್ ಎರಡನ್ನೂ ಕೂಡಿಸಲು ಯತ್ನಿಸಿದರು. ಹಾರ್ವರ್ಡಿನ ಏಡ್ರಿಯನ್ ವರ್ಮ್ಯೂಲ್ ಎರಡನ್ನೂ ಬಿಟ್ಟು, ಲೋಕಹಿತವೇ ಓದಿನ ಗುರಿಯಾಗಲಿ ಎಂದು 2022ರಲ್ಲಿ ಒಂದು ಗ್ರಂಥವನ್ನೇ ಬರೆದರು.

ಇದು ಪಂಡಿತರ ಕಾಲಹರಣವೆಂದು ತಿಳಿಯಬಾರದು. 1973ರಲ್ಲಿ ಈ ನ್ಯಾಯಾಲಯವು ಗರ್ಭವನ್ನು ತೆಗೆಸಿಕೊಳ್ಳುವ ನಿರ್ಧಾರ ಸ್ತ್ರೀಯ ಸಂವಿಧಾನದತ್ತ ಹಕ್ಕೆಂದಿತು. 49 ವರ್ಷಗಳ ಬಳಿಕ, 2022ರ ಜೂನ್ 24ರಂದು, ಅಂತಹ ಹಕ್ಕು ದೇಶದ ಇತಿಹಾಸದಲ್ಲಿ ಬೇರೂರಿಲ್ಲವೆಂದು ಅದೇ ನ್ಯಾಯಾಲಯ ಆ ತೀರ್ಪನ್ನು ಅಳಿಸಿ, ವಿಷಯವನ್ನು ರಾಜ್ಯಗಳ ಶಾಸನಸಭೆಗಳಿಗೆ ಬಿಟ್ಟಿತು. ಭಿನ್ನಮತ ಬರೆದ ಮೂವರ ಆಕ್ಷೇಪ ನಮ್ಮ ಅಜ್ಜನ ಪತ್ರದ ಮೊಮ್ಮಗಳದ್ದೇ. ಈ ವಾಕ್ಯಗಳು 1868ರವು. ಆಗ ಹೆಂಗಸರಿಗೆ ಮತದಾನವೇ ಇರಲಿಲ್ಲ, ಅದು ದೇಶಕ್ಕೆಲ್ಲ ಬಂದದ್ದು 1920ರಲ್ಲಿ. ಅಂದಿನ ಗಂಡಸರ ತಿಳಿವಳಿಕೆಯೇ ಇಂದಿನ ಹೆಂಗಸರಿಗೆ ಎಲ್ಲೆಯಾಗಬೇಕೇ ಎಂದು ಅವರು ಕೇಳಿದರು. ಇನ್ನೊಂದು ಪಕ್ಷದವರೂ ಸುಮ್ಮನಿರಲಿಲ್ಲ: ಚುನಾಯಿತರಲ್ಲದ ಒಂಬತ್ತು ಮಂದಿ ತಮ್ಮ ಅಭಿಪ್ರಾಯವನ್ನು ಸಂವಿಧಾನದ ಬಾಯಿಂದ ಹೇಳಿಸುವುದು ಯಾವ ಪ್ರಜಾಪ್ರಭುತ್ವ ಎಂದರು. ಎರಡು ಪ್ರಶ್ನೆಗಳೂ ತೂಕದವು.

ಆ ತೀರ್ಪಿನ ಹಿಂದಿನ ದಿನ ಇನ್ನೊಂದು ಬಂದಿತ್ತು. ಬಂದೂಕಿನ ಮೇಲೆ ನಿರ್ಬಂಧ ಹೇರುವ ಕಾಯಿದೆ ಉಳಿಯಬೇಕಾದರೆ ಅದಕ್ಕೆ ದೇಶದ ಹಳೆಯ ಸಂಪ್ರದಾಯದಲ್ಲಿ ಸಾಮ್ಯವಿರಬೇಕು ಎಂದು ಅದರ ಸಾರ. ಅಲ್ಲಿಂದ ಮುಂದೆ ಕೆಳಗಿನ ನ್ಯಾಯಾಧೀಶರೆಲ್ಲ ಇತಿಹಾಸದ ಹಳೆಯ ಕಡತಗಳನ್ನು ಕೆದಕುವಂತಾಯಿತು. ಹೆಂಡತಿಯನ್ನೋ ಗೆಳತಿಯನ್ನೋ ಹಿಂಸಿಸಿ ನ್ಯಾಯಾಲಯದ ನಿರ್ಬಂಧಕ್ಕೊಳಗಾದವನ ಬಂದೂಕನ್ನು ಕಸಿಯಲು 18ನೆಯ ಶತಮಾನದ ಪೂರ್ವನಿದರ್ಶನ ಬೇಕೆಂಬ ವಾದ ಬಂದಾಗ, 2024ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಎಂಟಕ್ಕೆ ಒಂದರ ಬಹುಮತದಿಂದ, ಹಳೆಯದರ ತದ್ರೂಪವೇ ಬೇಕಿಲ್ಲ, ತತ್ತ್ವ ಹೊಂದಿದರೆ ಸಾಕು ಎಂದು ಹಗ್ಗವನ್ನು ಸ್ವಲ್ಪ ಸಡಿಲಿಸಿತು.

ಅದೇ 2024ರ ಜೂನಿನಲ್ಲಿ ಮೀನುಗಾರರ ಮೊಕದ್ದಮೆಯೊಂದು ತೀರ್ಮಾನವಾಯಿತು. ಹೆರಿಂಗ್ ಎಂಬ ಮೀನು ಹಿಡಿಯುವ ದೋಣಿಗಳ ಮೇಲೆ ಸರಕಾರದ ವೀಕ್ಷಕರು ಇರತಕ್ಕದ್ದು, ಅವರ ಸಂಬಳವನ್ನು ದೋಣಿಯವರೇ ಕೊಡತಕ್ಕದ್ದು ಎಂದು ಇಲಾಖೆ ನಿಯಮ ಮಾಡಿತ್ತು. ಕಾಯಿದೆಯಲ್ಲಿ ಸಂಬಳದ ಮಾತು ಸ್ಪಷ್ಟವಿರಲಿಲ್ಲ. ಕಾಯಿದೆ ಅಸ್ಪಷ್ಟವಾಗಿದ್ದರೆ ಇಲಾಖೆಯ ಸಮಂಜಸ ಅರ್ಥವನ್ನು ನ್ಯಾಯಾಲಯ ಮನ್ನಿಸಬೇಕೆಂದು 1984ರಿಂದ ಒಂದು ಸೂತ್ರವಿತ್ತು, ಅದನ್ನೀಗ ತೆಗೆದುಹಾಕಿದರು. ಗಾಳಿ, ನೀರು, ಔಷಧ ಮುಂತಾದವುಗಳ ನಿಯಮಗಳ ಅರ್ಥವನ್ನು ತಜ್ಞರ ಇಲಾಖೆ ಹೇಳಬೇಕೋ ನ್ಯಾಯಾಧೀಶರು ಹೇಳಬೇಕೋ ಎಂಬ ಚರ್ಚೆ ಇದರಿಂದ ಅಲ್ಲಿಯ ಕಾನೂನು ಶಾಲೆಗಳನ್ನೆಲ್ಲ ತುಂಬಿಕೊಂಡಿತು. ಸೋಜಿಗವೆಂದರೆ ಆ ಹಳೆಯ ಸೂತ್ರವನ್ನು ಒಂದು ಕಾಲಕ್ಕೆ ಎತ್ತಿಹಿಡಿದವರಲ್ಲಿ ಸ್ಕಲಿಯ ಅವರೇ ಪ್ರಮುಖರು!

ಇಷ್ಟೆಲ್ಲ ಅಧಿಕಾರವುಳ್ಳವರು ಎಷ್ಟು ಕಾಲ ಕುಳಿತಿರಬೇಕು? ನಮ್ಮ ಸರ್ವೋಚ್ಚ ನ್ಯಾಯಾಲಯದಲ್ಲಿ 65 ತುಂಬಿದರೆ ನಿವೃತ್ತಿ. ಅಲ್ಲಿ ಆಜೀವ ಪದವಿ. ವಿಲಿಯಂ ಡಗ್ಲಸ್ ಎಂಬವರು 1939ರಿಂದ 1975ರವರೆಗೆ 36 ವರ್ಷ ಕುಳಿತಿದ್ದರು. 18 ವರ್ಷದ ಮಿತಿ ಹಾಕೋಣವೆಂದು ಹಲವು ಪ್ರಾಧ್ಯಾಪಕರು ಬಹುಕಾಲದಿಂದ ಸೂಚಿಸುತ್ತ ಬಂದಿದ್ದಾರೆ. 2021ರಲ್ಲಿ ಅಧ್ಯಕ್ಷ ಬೈಡನ್ ನೇಮಿಸಿದ ಆಯೋಗ ಪರವಿರೋಧಗಳನ್ನೆಲ್ಲ ತೂಗಿ ವರದಿಯೊಪ್ಪಿಸಿತು. ಆದರೆ ಇದನ್ನು ಕಾಯಿದೆಯಿಂದ ಮಾಡಬಹುದೇ, ಸಂವಿಧಾನವನ್ನೇ ತಿದ್ದಬೇಕೇ ಎಂಬುದರಲ್ಲಿಯೇ ಒಮ್ಮತವಿಲ್ಲ. ಕೊನೆಗೆ ಅದನ್ನು ತೀರ್ಮಾನಿಸಬೇಕಾದವರೂ ಆ ಒಂಬತ್ತು ಮಂದಿಯೇ ಎಂಬುದು ತಮಾಷೆ.

ಕನ್ನಡ ನಾಡಿಗೂ ಈ ನ್ಯಾಯಾಲಯಕ್ಕೂ ಒಂದು ಹಳೆಯ ನಂಟಿದೆಯೆಂಬುದು ಎಲ್ಲರಿಗೂ ತಿಳಿದಿರಲಾರದು. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗರಾಯರು ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿದ್ದರಷ್ಟೆ. 1947ರಲ್ಲಿ ಅವರು ಅಮೆರಿಕಕ್ಕೆ ಬಂದು, ಈ ಪೀಠದ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಅಮೆರಿಕದ ಸಂವಿಧಾನದಲ್ಲಿ, ಯುಕ್ತವಾದ ಕಾನೂನುಕ್ರಮವಿಲ್ಲದೆ ಯಾರ ಜೀವ, ಸ್ವಾತಂತ್ರ್ಯಗಳನ್ನೂ ಕಸಿಯಕೂಡದು ಎಂಬ ಮಾತಿದೆ. ಯುಕ್ತ ಎಂಬ ಒಂದೇ ಪದವನ್ನು ಹಿಡಿದು, 1905ರಲ್ಲಿ ಈ ನ್ಯಾಯಾಲಯ ರೊಟ್ಟಿ ಸುಡುವ ಕೆಲಸಗಾರರನ್ನು ದಿನಕ್ಕೆ ಹತ್ತು ಗಂಟೆಗಿಂತ ಹೆಚ್ಚು ದುಡಿಸಕೂಡದೆಂಬ ನ್ಯೂಯಾರ್ಕಿನ ಕಾಯಿದೆಯನ್ನು ರದ್ದುಪಡಿಸಿತ್ತು. ಕೆಲವೇ ನ್ಯಾಯಾಧೀಶರಿಗೆ ಇಂತಹ ಅಧಿಕಾರ ಕೊಡುವುದು ಪ್ರಜಾಪ್ರಭುತ್ವಕ್ಕೆ ಒಪ್ಪದೆಂದು ಫ್ರಾಂಕ್‌ಫರ್ಟರ್ ಎಚ್ಚರಿಸಿದರು. ರಾಯರು ಆ ಸಲಹೆಯನ್ನು ಹೊತ್ತು ತಂದರು. ನಮ್ಮ 21ನೆಯ ಅನುಚ್ಛೇದದಲ್ಲಿ ಕಾನೂನಿನಿಂದ ಸ್ಥಾಪಿತವಾದ ಕ್ರಮ ಎಂಬ ಬೇರೆ ಪದಗಳು ಬಂದವು. ಆದರೆ 1978ರಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟಿನ ಪ್ರಕರಣದಲ್ಲಿ ನಮ್ಮ ನ್ಯಾಯಾಲಯ, ಆ ಕ್ರಮ ನ್ಯಾಯಯುತವೂ ಸಮಂಜಸವೂ ಆಗಿರಬೇಕೆಂದು ಹೇಳಿ, ಮುಂಬಾಗಿಲಿನಿಂದ ಕಳುಹಿಸಿದ್ದನ್ನು ಹಿತ್ತಿಲಿನಿಂದ ಬರಮಾಡಿಕೊಂಡಿತು. ಪದಗಳನ್ನು ಎಷ್ಟು ಎಚ್ಚರದಿಂದ ಆರಿಸಿದರೂ ಓದುವವರ ಕಾಲ ಅವುಗಳೊಳಗೆ ಹೊಕ್ಕೇ ಹೊಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಕೊನೆಯದಾಗಿ ನಮ್ಮವರ ಮನೆಯೊಳಗೇ ಬಂದಿರುವ ಒಂದು ವಿವಾದವನ್ನು ಹೇಳಬೇಕು. ಅದಕ್ಕಾಗಿ ರಸ್ತೆ ದಾಟಿ ಮತ್ತೆ ಕ್ಯಾಪಿಟಲ್ ಭವನಕ್ಕೆ ಹೋಗಬೇಕು. ಅಲ್ಲಿ ನ್ಯಾಯಾಲಯ ಹಿಂದೆ ಕೂಡುತ್ತಿದ್ದ ಎರಡು ಕೊಠಡಿಗಳನ್ನು ಕಾಪಾಡಿ ಇಟ್ಟಿದ್ದಾರೆ. ಕೆಳಗಿನ ಕೊಠಡಿಯಲ್ಲಿ, 1857ರಲ್ಲಿ, ಡ್ರೆಡ್ ಸ್ಕಾಟ್ ಎಂಬ ಗುಲಾಮನ ದಾವೆಯಲ್ಲಿ, ಆಫ್ರಿಕ ಮೂಲದವರು ಈ ದೇಶದ ಪ್ರಜೆಗಳಾಗಲಾರರು ಎಂಬ ಕುಖ್ಯಾತ ತೀರ್ಪು ಬಂತು. ಆ ಕಳಂಕವನ್ನು ತೊಳೆಯಲು ಅಂತರ್ಯುದ್ಧವೇ ಆಗಬೇಕಾಯಿತು. 1868ರ 14ನೆಯ ತಿದ್ದುಪಡಿಯು ಅಮೆರಿಕದಲ್ಲಿ ಹುಟ್ಟಿ ಅದರ ಅಧಿಕಾರಕ್ಕೆ ಒಳಪಟ್ಟವರೆಲ್ಲರೂ ಪ್ರಜೆಗಳು ಎಂದಿತು. ಮೇಲಿನ ಕೊಠಡಿಯಲ್ಲಿ, 1898ರಲ್ಲಿ, ವಾಂಗ್ ಕಿಮ್ ಆರ್ಕ್ ಎಂಬವನ ಮೊಕದ್ದಮೆ ತೀರ್ಮಾನವಾಯಿತು. ಚೀನೀ ತಂದೆತಾಯಿಗಳಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ಅವನು ಚೀನಕ್ಕೆ ಹೋಗಿ ಮರಳಿದಾಗ ಬಂದರಿನಲ್ಲಿಯೇ ತಡೆದರು. ಅವನು ಹುಟ್ಟಿನಿಂದಲೇ ಪ್ರಜೆ ಎಂದಿತು ನ್ಯಾಯಾಲಯ. ಅದೇ ಕೊಠಡಿಯಲ್ಲಿ 1923ರಲ್ಲಿ, ಅಮೆರಿಕದ ಸೈನ್ಯದಲ್ಲಿ ದುಡಿದಿದ್ದ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿಗೆ, ಭಾರತೀಯನು ಬಿಳಿಯನಲ್ಲವೆಂದು ಹೇಳಿ ಪೌರತ್ವವನ್ನು ನಿರಾಕರಿಸಿದರು. ಭಾರತೀಯರಿಗೆ ಆ ಬಾಗಿಲು ತೆರೆದದ್ದು 1946ರಲ್ಲಿ.

2025ರ ಜನವರಿ 20ರಂದು ಅಧ್ಯಕ್ಷ ಟ್ರಂಪ್ ಒಂದು ಆಜ್ಞೆ ಹೊರಡಿಸಿದರು. ತಾಯಿ ಅಕ್ರಮವಾಗಿಯೋ ತಾತ್ಕಾಲಿಕ ಪರವಾನಗಿಯ ಮೇಲೋ ಅಲ್ಲಿದ್ದು, ತಂದೆಯೂ ಪ್ರಜೆಯಾಗಲಿ ಕಾಯಂ ನಿವಾಸಿಯಾಗಲಿ ಅಲ್ಲದಿದ್ದರೆ, ಅವರ ಮಗುವಿಗೆ ಹುಟ್ಟಿನ ಪೌರತ್ವವಿಲ್ಲವೆಂದು ಅದರ ತಾತ್ಪರ್ಯ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದ ಎಚ್ ಒನ್ ಬಿ ವೀಸಾದ ಮೇಲೆ ಹೋದ ಗಂಡಹೆಂಡಿರು ಈ ತಾತ್ಕಾಲಿಕರ ಸಾಲಿಗೇ ಸೇರುತ್ತಾರೆ. ಹತ್ತಾರು ವರ್ಷ ತೆರಿಗೆ ಕಟ್ಟಿದರೂ ಅವರಿಗೆ ಕಾಯಂ ನಿವಾಸದ ಸರದಿ ಬಂದಿರುವುದಿಲ್ಲ.

ಆ ವರ್ಷ ನಾನು ಉಳಿದುಕೊಂಡಿದ್ದುದು ವರ್ಜೀನಿಯದಲ್ಲಿ, ಶಿವಮೊಗ್ಗದ ಕಡೆಯ ಅಂತಹ ಒಂದು ದಂಪತಿಯ ಮನೆಯಲ್ಲಿ. ಹುಡುಗಿಗೆ ಏಳು ತಿಂಗಳು. ರಾತ್ರಿ ಊಟಕ್ಕೆ ಬಡಿಸುತ್ತ, “ಮಾವ, ಈ ಮಗುವಿನ ಊರು ಯಾವುದು ಅಂತ ನಾಳೆ ಯಾರಾದರೂ ಕೇಳಿದರೆ ಏನು ಹೇಳಲಿ?” ಎಂದಳು. ನಗುತ್ತಲೇ ಕೇಳಿದಳು, ಆದರೆ ಉತ್ತರಕ್ಕಾಗಿ ಸೌಟನ್ನು ಹಿಡಿದು ನಿಂತೇ ಇದ್ದಳು.

ಉತ್ತರ ಸುಲಭವಲ್ಲ. ಕೆಳಗಿನ ನ್ಯಾಯಾಲಯಗಳು ಕೆಲವೇ ದಿನಗಳಲ್ಲಿ ಆ ಆಜ್ಞೆಯನ್ನು ತಡೆದವು. ಜೂನ್ 27ರಂದು ಸರ್ವೋಚ್ಚ ನ್ಯಾಯಾಲಯವು, ಪೌರತ್ವದ ಪ್ರಶ್ನೆಯನ್ನು ಮುಟ್ಟದೆ, ಒಬ್ಬ ನ್ಯಾಯಾಧೀಶನ ತಡೆಯಾಜ್ಞೆ ದಾವೆ ಹೂಡದವರಿಗೂ ದೇಶವ್ಯಾಪಿಯಾಗಿ ಅನ್ವಯಿಸಬಹುದೇ ಎಂಬುದನ್ನು ಮಾತ್ರ ಎತ್ತಿಕೊಂಡು, ಸಾಮಾನ್ಯವಾಗಿ ಅನ್ವಯಿಸದೆಂದು ಆರಕ್ಕೆ ಮೂರರಿಂದ ತೀರ್ಪಿತ್ತಿತು. ಎರಡೇ ವಾರದೊಳಗೆ ನ್ಯೂ ಹ್ಯಾಂಪ್‌ಷೈರಿನ ನ್ಯಾಯಾಧೀಶರೊಬ್ಬರು ಇಂತಹ ಶಿಶುಗಳನ್ನೆಲ್ಲ ಒಂದು ಸಮೂಹವೆಂದು ಗಣಿಸಿ ಮತ್ತೆ ತಡೆ ನೀಡಿದರು. ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಮೂಲ ಪ್ರಶ್ನೆಯನ್ನೇ ವಿಚಾರಣೆಗೆ ಅಂಗೀಕರಿಸಿತು.

ಗಮನಿಸಬೇಕಾದದ್ದೇನೆಂದರೆ, ಇಲ್ಲಿ ಎರಡು ಪಕ್ಷದವರೂ ಮೂಲಾರ್ಥದ ಕತ್ತಿಯನ್ನೇ ಹಿಡಿದಿದ್ದಾರೆ. ಅಧಿಕಾರಕ್ಕೆ ಒಳಪಟ್ಟವರು ಎಂದರೆ 1868ರ ಜನ ಏನೆಂದು ತಿಳಿದಿದ್ದರು? ವಿದೇಶೀ ರಾಯಭಾರಿಗಳ ಮಕ್ಕಳಂತಹ ಕೆಲವರನ್ನು ಬಿಟ್ಟು ಆ ನೆಲದ ಕಾನೂನಿಗೆ ತಲೆಬಾಗುವವರೆಲ್ಲರೂ ಎಂದು ಬಹುಪಾಲು ವಿದ್ವಾಂಸರು. ನಿಷ್ಠೆಯಿಂದ ನೆಲೆಸಿದವರು ಮಾತ್ರ ಎಂದು ಈಚಿನ ಕೆಲವರು. ಅಜ್ಜನ ಪತ್ರದ ಒಂದೇ ಪದ. ಅದರ ತಕ್ಕಡಿಯಲ್ಲಿ ಇನ್ನೂ ಹುಟ್ಟದ ಕೂಸು. ನಾವೂ ಕೈಕಟ್ಟಿ ಅವರನ್ನು ಹಳಿಯುವಂತಿಲ್ಲ. ಭಾರತದಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಸಿಗುವ ನಿಯಮವನ್ನು ನಾವೇ 1987ರಲ್ಲೊಮ್ಮೆ, 2004ರಲ್ಲೊಮ್ಮೆ ಬಿಗಿ ಮಾಡಿದ್ದೇವೆ. ಆದರೆ ಸಂಸತ್ತು ಕಾಯಿದೆಯನ್ನು ತಿದ್ದಿ ಬಿಗಿ ಮಾಡುವುದು ಬೇರೆ. ಸಂವಿಧಾನದಲ್ಲಿ ಕೆತ್ತಿದ ಮಾತಿಗೆ ಅಧಿಕಾರಸ್ಥರು ಹೊಸ ಅರ್ಥ ಹೇಳುವುದು ಬೇರೆ.

ಹುಡುಗಿಗೆ ನಾನು ಹೇಳಿದ್ದು ಇಷ್ಟೇ: ವಾಂಗ್ ಕಿಮ್ ಆರ್ಕ್ ಎಂಬ ಯುವಕನಿಗೂ ಬಂದರಿನಲ್ಲಿ ಇದೇ ಪ್ರಶ್ನೆಯನ್ನು ಹಾಕಿದ್ದರು, ಅವನು ತಾನು ಹುಟ್ಟಿದ ಊರಿನ ಹೆಸರನ್ನೇ ಹೇಳಿದ, ಮತ್ತು ಆ ಉತ್ತರ ನಿಂತಿತು. ಅವಳು ಆ ಹೆಸರನ್ನು ಒಮ್ಮೆ ತನ್ನಷ್ಟಕ್ಕೆ ಹೇಳಿಕೊಂಡು, ಗಂಡನ ತಟ್ಟೆಗೆ ಅನ್ನ ಬಡಿಸಿದಳು.